ಬುಟ್ಟಿಯನ್ನು ಗ್ಯಾಲರಿಗೆ ಒಯ್ಯಬೇಡಿ ಎನ್ನುವವರಿಗೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಬುಟ್ಟಿ, ಬೆತ್ತ, ಓಲಿಚಾಪೆಗಳನ್ನು ಇಂದಿನ ನೇಯ್ಗೆ ಕಲೆ ಎಂದೇ ನೋಡಬೇಕು, ಹೆಣೆಯುವವರನ್ನು ಕಲಾವಿದರೆಂದು ಕರೆಯಬೇಕು, ಕರೆದು ಸುಮ್ಮನಾಗದೆ ಕಲಾವಿದರಿಗೆ ಸಲ್ಲುವಷ್ಟು ದುಡ್ಡನ್ನೂ ಕೊಡಬೇಕು ಎಂದು ನಾನು ಕೆಲವು ಕಾಲದಿಂದ ವಾದಿಸುತ್ತಿದ್ದೇನೆ. ಈ ಮಾತು ತೆಗೆದಾಗಲೆಲ್ಲ ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಸಿಟ್ಟಾದವರ ಮಾತಿಗೆ ತೂಕ ಜಾಸ್ತಿ. ಅವರಿಗೆ ಸಾವಧಾನವಾಗಿ ಉತ್ತರಿಸಬೇಕು. ಅದಕ್ಕೆ ಮೊದಲು ನಕ್ಕವರ ಲೆಕ್ಕ ಚುಕ್ತಾ ಮಾಡುತ್ತೇನೆ.

"ನಮ್ಮ ಕಡೆ ನೇಯ್ಗೆ ಎಲ್ಲಿದೆ ಮಾರಾಯ್ರೆ? ಮಗ್ಗ ಬೇಕಾದರೆ ಇಳಕಲ್ಲಿಗೆ ಹೋಗಿ, ಮೊಳಕಾಲ್ಮೂರಿಗೆ ಹೋಗಿ. ಅಷ್ಟು ದೂರ ಬೇಡವೆಂದರೆ ಕಿನ್ನಿಗೋಳಿಗೆ ಹೋಗಿ." ಇದು ಮೊದಲ ಆಕ್ಷೇಪ. ಅರ್ಧ ಸತ್ಯವೂ ಹೌದು. ಈ ಮಳೆಯ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಕರಾವಳಿಯ ಕೈಮಗ್ಗಗಳು ಪದ್ಮಶಾಲಿ ಶೆಟ್ಟಿಗಾರರ ಕೈಯಲ್ಲಿ ಉಡುಪಿ, ಮೂಲ್ಕಿ, ಮಂಗಳೂರುಗಳ ಆಸುಪಾಸಿನಲ್ಲಿ ನೆಲೆನಿಂತವು. ಘಟ್ಟದ ಬುಡಕ್ಕೆ ಬರುತ್ತಿದ್ದದ್ದು ನೇಯ್ದು ಮುಗಿದ ಬಟ್ಟೆ. ಆದರೆ ಹಾಸು ಹೊಕ್ಕು ಹತ್ತಿ ನೂಲಿನಲ್ಲೇ ಇರಬೇಕೆಂಬ ಕಾನೂನನ್ನು ಯಾರು ಮಾಡಿದರು?

ಮನೆಯ ಅಟ್ಟದಲ್ಲಿ ಹಳೆಯ ತಡ್ಪೆ, ಅಂದರೆ ಮೊರ, ಇದ್ದರೆ ಇಳಿಸಿ ಬೆಳಕಿಗೆ ಹಿಡಿದು ನೋಡಿ. ಬಿದಿರಿನ ಸೀಳುಗಳು ಎರಡರ ಮೇಲೆ ಹತ್ತಿ ಎರಡರ ಕೆಳಗೆ ಇಳಿದು ಓರೆ ಗೆರೆ ಮೂಡಿಸಿವೆ. ಜೀನ್ಸ್ ಬಟ್ಟೆಯಲ್ಲಿ ಕಾಣುವ ಓರೆ ಗೆರೆಯ ಜಾತಿಯದೇ ನೇಯ್ಗೆ ಇದು. ಕಾಡಿನ ಬೂರುಗಳಿಂದ, ಅಂದರೆ ಬಳ್ಳಿಗಳಿಂದ, ಕೊರಗ ಬುಡಕಟ್ಟಿನವರು ಹೆಣೆಯುವ ಬುಟ್ಟಿಯದ್ದು ಇನ್ನೊಂದು ಗಣಿತ. ತಳದಲ್ಲಿ ದಪ್ಪ ಬೂರುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಇಟ್ಟು, ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ತೆಳ್ಳನೆಯ ಎಳೆಯನ್ನು ಸುತ್ತ ಓಡಿಸುತ್ತಾರೆ. ಹೊರಗೆ ಚಾಚಿಕೊಂಡ ಕಡ್ಡಿಗಳ ಸಂಖ್ಯೆ ಬೆಸವಾಗಿರಬೇಕು. ಸಮವಾಗಿದ್ದರೆ ಒಂದು ಸುತ್ತು ಮುಗಿಸಿ ಬಂದ ಎಳೆ ಹಳೆಯ ದಾರಿಯನ್ನೇ ಮತ್ತೆ ಹಿಡಿಯುತ್ತದೆ. ಮೇಲೆ ಹೋದಲ್ಲಿ ಮತ್ತೆ ಮೇಲೆ, ಕೆಳಗೆ ಇಳಿದಲ್ಲಿ ಮತ್ತೆ ಕೆಳಗೆ. ಹಾಗಾದರೆ ಗೋಡೆ ಕಚ್ಚಿಕೊಳ್ಳುವುದಿಲ್ಲ. ಬೆಸವಾಗಿದ್ದರೆ ಪ್ರತಿ ಸುತ್ತೂ ಹಿಂದಿನ ಸುತ್ತಿಗೆ ತಿರುವುಮುರುವಾಗಿ ಬೀಳುತ್ತದೆ, ಬುಟ್ಟಿ ಏಳುತ್ತದೆ. ಎಣಿಕೆ ತಪ್ಪಿ ಸಮ ಬಂದರೆ ಒಂದು ಕಡ್ಡಿಯನ್ನು ಸೀಳಿ ಎರಡು ಮಾಡಿದರೆ ಮುಗಿಯಿತು. ಬೂರು ಹಸಿಯಿರುವಾಗಲೇ ಎಲ್ಲ ಆಗಬೇಕು. ಒಣಗಿದರೆ ಬಾಗಿಸಿದಲ್ಲಿ ಪಟ್ಟನೆ ಮುರಿಯುತ್ತದೆ.

ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತು ಅಮೆರಿಕಕ್ಕೆ ಹೋದ ನೇಕಾರ್ತಿ ಆನ್ನಿ ಆಲ್ಬರ್ಸ್ 1965ರಲ್ಲಿ ನೇಯ್ಗೆಯ ಬಗ್ಗೆ ಬರೆದ ಪುಸ್ತಕ ಇಂದಿಗೂ ಈ ಕ್ಷೇತ್ರದ ಪಠ್ಯ. ಆಕೆ ಆಧುನಿಕ ನೇಯ್ಗೆಯ ಪಾಠ ಹೇಳಿಸಿಕೊಂಡದ್ದು ಪೆರುವಿನ ಪ್ರಾಚೀನ ನೇಕಾರರಿಂದ. ಕೈಗಾರಿಕೆ ಬರುವ ಮೊದಲೇ ನೇಯ್ಗೆಯ ಮೂಲ ತಂತ್ರಗಳೆಲ್ಲ ಮನುಷ್ಯನ ಬೆರಳಿನಲ್ಲಿದ್ದವು ಎಂಬುದನ್ನು ಒಪ್ಪಲು ಅಷ್ಟು ದೊಡ್ಡ ಕಲಾವಿದೆಗೆ ಸಂಕೋಚವಾಗಲಿಲ್ಲ. ನಮಗಾಗುತ್ತದೆ.

ನಮ್ಮ ನೆಲದ ನೇಯ್ಗೆ ನಮ್ಮ ಮಳೆಗೆ ತಕ್ಕಂತೆ ಹುಟ್ಟಿತು, ಅಷ್ಟೆ. ನೇಜಿ ನೆಡುವವರ ಬೆನ್ನಿಗೆ ಗೊರಬು, ತಲೆಗೆ ಹಾಳೆಯ ಮುಟ್ಟಾಳೆ, ಮಲಗುವುದಕ್ಕೆ ಮುಂಡೇವಿನ ಓಲಿಯ ಚಾಪೆ, ಅನ್ನ ಬಸಿಯುವುದಕ್ಕೆ ಕುಡುಪು. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗ ಬಿಗಿದು, ಬಡಿದು ಬಡಿದು ಉರುಟು ಮಾಡಿದ ಮುಡಿಯೊಳಗೆ ಮಳೆಗಾಲದ ತೇವ ಹೋಗುತ್ತಿರಲಿಲ್ಲ. ಈಗ ಅಂಥ ಮುಡಿ ಕಟ್ಟಬಲ್ಲ ಮುದುಕರನ್ನು ಹುಡುಕಿಕೊಂಡು ಹೋಗಬೇಕು. ಹೋದರೆ "ಅದನ್ನು ಯಾಕೆ ಕೇಳ್ತೀರಿ" ಎಂದು ಅವರೇ ನಾಚಿಕೊಳ್ಳುತ್ತಾರೆ.

ಇನ್ನೂ ನಗುವವರು ಮಾರ್ಗಶಿರ ಮಾಸದಲ್ಲಿ ಕಡಬ ತಾಲ್ಲೂಕಿನ ಕುಕ್ಕೆಗೆ ಹೋಗಲಿ. ಚಂಪಾಷಷ್ಠಿಗೆ ಅಲ್ಲಿ ಎಳೆಯುವ ರಥಗಳನ್ನು ಕಟ್ಟುವವರು ಮಲೆಕುಡಿಯ ಬುಡಕಟ್ಟಿನವರು. ಕಾಡಿನಿಂದ ಬಿದಿರು, ಬೆತ್ತ ತಂದು, ಬೆತ್ತವನ್ನು ಸೀಳಿ, ಅದರಿಂದಲೇ ಬಿಗಿದು ಮೇಲಿನ ಅಟ್ಟಳೆಯನ್ನೆಲ್ಲ ಎಬ್ಬಿಸುತ್ತಾರೆ. ಸೆಣಬಿನ ಹಗ್ಗಕ್ಕೆ ಅಲ್ಲಿ ಜಾಗವಿಲ್ಲ. ಹಸಿ ಬೆತ್ತದ ಗಂಟು ಒಣಗುತ್ತಾ ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ಇಡೀ ಕಟ್ಟಡದ ಗುಟ್ಟು. ರಥ ಎಳೆಯುವುದೂ ಬೆತ್ತ ಹಿಡಿದೇ. ಎಳೆದಾದ ಮೇಲೆ ಭಕ್ತರು ಬೆತ್ತದ ತುಂಡನ್ನು ಪ್ರಸಾದವೆಂದು ಮನೆಗೆ ಒಯ್ಯುತ್ತಾರೆ. 2019ರಲ್ಲಿ ಹೊಸ ಬ್ರಹ್ಮರಥ ಬಂತು, ಕಟ್ಟುವ ಕೈಗಳು ಬದಲಾಗಲಿಲ್ಲ. ಇಷ್ಟು ಎತ್ತರದ, ಇಷ್ಟು ಭಾರ ಹೊತ್ತು ಚಲಿಸುವ ಹೆಣಿಗೆಯನ್ನು ನಮ್ಮ ಜಿಲ್ಲೆಯಲ್ಲಿ ಬೇರೆಲ್ಲಿ ನೋಡಿದ್ದೀರಿ? ಇದನ್ನೇ ಯಾವನಾದರೂ ಬರ್ಲಿನ್ನಿನ ಕಲಾವಿದ ಬೆಂಗಳೂರಿನ ಪಾರ್ಕಿನಲ್ಲಿ ಕಟ್ಟಿದ್ದರೆ 'ಇನ್‌ಸ್ಟಲೇಶನ್' ಎಂದು ಪತ್ರಿಕೆಗಳು ಅರ್ಧ ಪುಟ ಬರೆಯುತ್ತಿದ್ದವು. ನಾವು ತೇರಿನ ಫೋಟೊ ಹಾಕುತ್ತೇವೆ, ಕಟ್ಟಿದವರದ್ದು ಹಾಕುವುದಿಲ್ಲ.

ಎರಡನೆಯದು ಕಲಾಶಾಲೆಯಲ್ಲಿ ಓದಿದವರ ತಕರಾರು: ಇದು ಕಸುಬು, ಕಲೆಯಲ್ಲ. ಕಲೆಯಲ್ಲಿ ಒಬ್ಬ ವ್ಯಕ್ತಿಯ ದರ್ಶನ ಇರಬೇಕು, ಬುಟ್ಟಿಯಲ್ಲಿ ಇರುವುದು ಅಭ್ಯಾಸ. ಈ ವಾದಕ್ಕೆ ಜಗತ್ತೇ ಉತ್ತರ ಕೊಟ್ಟಾಗಿದೆ. ಮೃಣಾಲಿನಿ ಮುಖರ್ಜಿ 1970ರ ದಶಕದಿಂದ ಸೆಣಬಿನ ಹಗ್ಗಕ್ಕೆ ಗಂಟು ಹಾಕುತ್ತಾ ಆಳೆತ್ತರದ ಶಿಲ್ಪಗಳನ್ನು ಮಾಡಿದರು. ಅವರು 2015ರಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಅವರ ಬದುಕಿನ ಕೆಲಸದ ದೊಡ್ಡ ಪ್ರದರ್ಶನ ಮಾಡಿದ್ದು 2019ರಲ್ಲಿ. 2024ರ ವೆನಿಸ್ ಬಿಯೆನ್ನಾಲೆಯಲ್ಲಿ ಚಿನ್ನದ ಸಿಂಹ ಗೆದ್ದದ್ದು ನ್ಯೂಜಿಲೆಂಡಿನ ನಾಲ್ವರು ಮಾವೊರಿ ಹೆಂಗಸರ ಮಾತಾಹೊ ಕಲೆಕ್ಟಿವ್. ಅವರ ಕೃತಿಯ ಹೆಸರು 'ತಕಪಾವು'. ಅದು ಹೆರಿಗೆಯಂಥ ಮುಖ್ಯ ಸಂದರ್ಭಗಳಲ್ಲಿ ಮಾವೊರಿಗಳು ಹಾಸುವ ಹೆಣೆದ ಚಾಪೆಯ ಹೆಸರು. ಅಂದರೆ ಜಗತ್ತಿನ ಅತಿ ದೊಡ್ಡ ಕಲಾಮೇಳದಲ್ಲಿ ಗೆದ್ದದ್ದು ಒಂದು ಚಾಪೆ. ಅದೇ ವರ್ಷ ಅಮೆರಿಕದ ಮೇನ್ ರಾಜ್ಯದ ಪಸ್ಸಾಮಕ್ವಾಡಿ ಬುಡಕಟ್ಟಿನ ಜೆರೆಮಿ ಫ್ರೇ ಎಂಬ ಏಳನೇ ತಲೆಮಾರಿನ ಬುಟ್ಟಿಗಾರನ ಬುಟ್ಟಿಗಳಿಗೆಂದೇ ಪೋರ್ಟ್‌ಲೆಂಡ್ ಕಲಾ ಮ್ಯೂಸಿಯಂ ಪ್ರದರ್ಶನ ಏರ್ಪಡಿಸಿತು.

ಅಷ್ಟು ದೂರ ಯಾಕೆ, ಪುತ್ತೂರಿನ ಪರ್ಲಡ್ಕಕ್ಕೆ ಬನ್ನಿ. ಬಾಲವನದಲ್ಲಿ ಕುಳಿತು ಶಿವರಾಮ ಕಾರಂತರು ಬಯಲಾಟದ ಬಗ್ಗೆ ಬರೆದರು. ಓದುಬರಹ ಬಲ್ಲವರು ಮೂಗು ಮುರಿಯುತ್ತಿದ್ದ ಆಟ ಅದು. 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಆ ಮೂಗುಗಳು ತಾವಾಗಿ ನೆಟ್ಟಗಾದವು. ಬುಟ್ಟಿಗೆ ಒಬ್ಬ ಕಾರಂತ ಸಿಗಲಿಲ್ಲ ಎಂಬುದು ಬುಟ್ಟಿಯ ದೋಷವಾಗಲಾರದು. ದರ್ಶನದ ಮಾತಿಗೆ ಬಂದರೆ, ಒಂದೇ ಅಳತೆಯ ಬುಟ್ಟಿಯನ್ನು ಇಬ್ಬರು ಹೆಣೆದರೆ ಕಂಠದ ಮುಗಿತಾಯ ನೋಡಿಯೇ ಯಾರದ್ದೆಂದು ಅವರೊಳಗೆ ಗೊತ್ತಾಗುತ್ತದೆ. ನಮಗೆ ಕಾಣದಿದ್ದರೆ ಕಣ್ಣು ಪಳಗಿಲ್ಲ ಎಂದರ್ಥ.

ಮೂರನೆಯವರು ಶುದ್ಧವಾದಿಗಳು. ನೀವು ಕಲೆ ಎಂದು ತೋರಿಸುವುದೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದು, ಅಡಿಕೆ ಚೊಗರಿನ ಬಣ್ಣದ ಸೀರೆಯನ್ನು ನಮ್ಮ ಅಜ್ಜಿಯಂದಿರು ಉಟ್ಟಿದ್ದುಂಟೇ, ಇದು ಪರಂಪರೆಯ ಹೆಸರಲ್ಲಿ ಪೇಟೆಯವರಿಗೆ ಹಾಕುವ ಟೋಪಿ ಎನ್ನುತ್ತಾರೆ. ಚೊಗರಿನ ಬಗ್ಗೆ ಅವರು ಹೇಳುವುದು ಖರೆ. ಅದನ್ನು ಅಡಿಕೆ ಬೆಳೆಯುವವರೇ ಒಪ್ಪಬೇಕು. ಪುತ್ತೂರು, ಸುಳ್ಯ, ಕಡಬ ಚಾಲಿಯ ಸೀಮೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲಿಗೆ ಹರಡಿ ಒಣಗಿಸುವುದು ನಮ್ಮ ಕ್ರಮ. ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವವರು ಘಟ್ಟದ ಮೇಲಿನವರು. ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಬಳಸಿದಾಗ ಅದು ಮಂದವಾಗಿ ಚೊಗರಾಗುತ್ತದೆ. ಬೇಯಿಸದ ಊರಿನಲ್ಲಿ ಚೊಗರು ಎಲ್ಲಿಂದ ಬರಬೇಕು? ಅದರ ಒಗರಿನಲ್ಲಿ ಟ್ಯಾನಿನ್ ಧಾರಾಳ ಇರುವುದರಿಂದ ಹತ್ತಿ ನೂಲು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಪಟಿಕ ಸೇರಿಸಿದರೆ ತಿಳಿಗೆಂಪು ಕಂದು, ಕಬ್ಬಿಣದ ನೀರು ಸೇರಿಸಿದರೆ ಕಪ್ಪಿಗೆ ತಿರುಗುವ ಬೂದು. ಹೆಗ್ಗೋಡಿನ ಚರಕ ಸಂಸ್ಥೆ ಇದನ್ನು ಬಳಸಿಕೊಂಡು ಬಂದಿದೆ. ಕರಾವಳಿಯಲ್ಲಿ ಉಡುಪಿ ಸೀರೆಗೆ ಈ ಬಣ್ಣ ಹಾಕಿಸಿದ್ದು ಕದಿಕೆ ಟ್ರಸ್ಟ್. ಹೊಸದು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಹೊಸದಾದರೆ ಪರಂಪರೆಗೆ ಸಲ್ಲದು ಎಂಬ ತರ್ಕ ಹಿಡಿದು ಹೊರಟರೆ ಉಡುಪಿ ಸೀರೆಯೂ ಉಳಿಯುವುದಿಲ್ಲ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1851ರಲ್ಲಿ ಜಾನ್ ಹಾಲರ್ ಬಂದು ಯುರೋಪಿನ ಮಾದರಿಯ ಮಗ್ಗ, ಹಾರುವ ಲಾಳಿಗಳನ್ನು ಇಲ್ಲಿಗೆ ಪರಿಚಯಿಸಿದ. ಖಾಕಿ ಬಣ್ಣ ಹುಟ್ಟಿದ್ದು ಕೂಡ ಅವನ ಬಣ್ಣದ ತೊಟ್ಟಿಯಲ್ಲಿ ಎಂಬ ಹೆಮ್ಮೆಯ ಮಾತು ಮಂಗಳೂರಿನಲ್ಲಿ ಇವತ್ತಿಗೂ ಓಡಾಡುತ್ತದೆ. ಆ ಮಗ್ಗಗಳಿಂದ ಕಲಿತದ್ದನ್ನು ಶೆಟ್ಟಿಗಾರರು ಮನೆಗೆ ಒಯ್ದು ತಮ್ಮದಾಗಿಸಿಕೊಂಡರು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆಗ ಯಾರೂ "ಲಾಳಿ ಜರ್ಮನ್ ಭಾಷೆಯವರು ತಂದದ್ದು" ಎಂದು ಅರ್ಜಿ ಹಾಕಲಿಲ್ಲ. ವೆನಿಸ್ಸಿನಲ್ಲಿ ಗೆದ್ದ ಆ ಮಾವೊರಿ ಚಾಪೆಯನ್ನು ಹೆಣೆದದ್ದು ಹುಲ್ಲಿನಿಂದಲೂ ಅಲ್ಲ, ನಾರಿನಿಂದಲೂ ಅಲ್ಲ. ಲಾರಿಯಲ್ಲಿ ಸರಕು ಬಿಗಿಯುವ ಪಾಲಿಯೆಸ್ಟರ್ ಪಟ್ಟಿಗಳಿಂದ. ಹೆಣಿಗೆಯ ಕ್ರಮ ಮಾತ್ರ ಅಜ್ಜಿಯಂದಿರದ್ದು. ನಮ್ಮಲ್ಲೂ ಅಡಿಕೆ ಗೋಣಿಯ ಪ್ಲಾಸ್ಟಿಕ್ ಎಳೆಯನ್ನು ಬಿಡಿಸಿ ಬುಟ್ಟಿಯ ಕಂಠಕ್ಕೆ ಸುತ್ತುವ ಹೆಂಗಸರಿದ್ದಾರೆ. ಶುದ್ಧವಾದಿಗಳು ಅದನ್ನು ನೋಡಿ ಕೊರಗುತ್ತಾರೆ. ನನಗೆ ಅಲ್ಲಿಯೇ ಜೀವ ಕಾಣುತ್ತದೆ.

ಈಗ ಸಿಟ್ಟಾದವರು. ದೈವದ ಸಿರಿಯನ್ನೂ ನೀವು ನೇಯ್ಗೆ ಕಲೆ ಎಂದು ಗ್ಯಾಲರಿಗೆ ಒಯ್ಯುತ್ತೀರೋ ಎಂದು ಕೇಳಿದವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಎಳೆಯ ತೆಂಗಿನ ಗರಿಯನ್ನು ಉಗುರಿನಲ್ಲಿ ಸೀಳಿ, ಸೊಂಟದ ಪಟ್ಟಿಗೆ ಹೆಣೆದು, ಒಂದೇ ರಾತ್ರಿಗೆ ತಯಾರಾಗಿ ಬೆಳಗಾಗುವಷ್ಟರಲ್ಲಿ ಬಾಡುವ ಉಡುಪು ಅದು. ಸುಳ್ಯದ ಕಡೆಯ ಒತ್ತೆಕೋಲದಲ್ಲಿ, ದೈವ ಕೆಂಡಕ್ಕೆ ಹಾಯುವಾಗ, ಅದೇ ಗರಿಯ ದಪ್ಪ ಉಡುಪು ಕೆಂಡದ ರಾಶಿಗೂ ಮನುಷ್ಯನ ಮೈಗೂ ನಡುವೆ ನಿಲ್ಲುತ್ತದೆ. ಉಪಯೋಗ, ಸೌಂದರ್ಯ, ನಂಬಿಕೆ ಮೂರೂ ಒಂದೇ ಹೆಣಿಗೆಯಲ್ಲಿ ಸೇರಿದ ಉದಾಹರಣೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೂ ಈ ಒಂದು ವಿಷಯದಲ್ಲಿ ನಾನು ಎದುರಾಳಿಗಳ ಪಕ್ಷ. ದೈವ ಕಟ್ಟುವ ನಲಿಕೆ, ಪಂಬದ, ಪರವ ಮೊದಲಾದ ಸಮುದಾಯಗಳವರೇ ತೀರ್ಮಾನಿಸದೆ ಸಿರಿಯೂ ಬೆನ್ನಿಗೆ ಕಟ್ಟುವ ಅಣಿಯೂ ಕಲೆಯ ಗೋಡೆ ಹತ್ತಬಾರದು. 'ಕಾಂತಾರ' ಬಂದ 2022ರ ನಂತರ ವೇಷದ ಸ್ಪರ್ಧೆಗಳಲ್ಲಿ, ಮದುವೆ ಮೆರವಣಿಗೆಗಳಲ್ಲಿ ಯಾರ್ಯಾರೋ ಅಣಿ ಕಟ್ಟಿಕೊಂಡು ಕುಣಿದದ್ದನ್ನು ನೋಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಮಾತನ್ನು ಆಕ್ಷೇಪಿಸಿದವರಿಗೂ ತಿರುಗಿಸುತ್ತೇನೆ. ಅಣಿಯ ಪಾವಿತ್ರ್ಯಕ್ಕೆ ಇಷ್ಟು ಕಾವಲು ನಿಲ್ಲುವ ನಾವು ಅಣಿ ಕಟ್ಟುವವನ ಮುಪ್ಪಿಗೆ ಏನು ಮಾಡಿದೆವು? 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಎಂದು ಸರ್ಕಾರ ಘೋಷಿಸಲೂ ಆ ಸಿನಿಮಾ ಓಡಬೇಕಾಯಿತು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಬಂದದ್ದು ಓದಿ ಮೇಲೆ ಬಂದ ಆದಿವಾಸಿ, ದಲಿತ ಯುವಕರಿಂದ. ಅವರ ವಾದದ ಸಾರ ಇದು: ಬುಟ್ಟಿ ನಮ್ಮ ಕೈಗೆ ಅಂಟಿದ ಜಾತಿ. ಅದನ್ನು ಬಿಡಿಸಿಕೊಳ್ಳಲೆಂದೇ ಅಪ್ಪ ಅಮ್ಮ ನಮ್ಮನ್ನು ಓದಿಸಿದರು. ಈಗ ನೀವು ಬಂದು ಅದಕ್ಕೆ ಚೆಂದದ ಹೆಸರಿಟ್ಟು ಮತ್ತೆ ನಮ್ಮ ಕೈಗೇ ಕೊಡುತ್ತಿದ್ದೀರಿ. ನಿಮ್ಮ ಮಕ್ಕಳು ಇಂಜಿನಿಯರು, ನಮ್ಮ ಮಕ್ಕಳು ಪರಂಪರೆಯ ಕಾವಲುಗಾರರು, ಅಲ್ಲವೆ?

ಇದಕ್ಕೆ ತಟ್ಟನೆ ಉತ್ತರಿಸುವವನು ಇತಿಹಾಸ ಓದದವನು. ಕೊರಗರು ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದು, ಇನ್ನೊಂದು ಜೇನುಕುರುಬರು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ಮನೆಯ ಪೀಡೆ ಕಳೆಯಿತೆಂದು ನಂಬುವ ಅಜಲು ಪದ್ಧತಿಯನ್ನು ನಿಲ್ಲಿಸಲು ಈ ರಾಜ್ಯಕ್ಕೆ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಎರಡು ಸಾವಿರದಲ್ಲಿ! ಅಂಥ ಸಮಾಜದಲ್ಲಿ ಅವರು ಹೆಣೆದ ಬುಟ್ಟಿ ನಮ್ಮ ಅಂಗಳಕ್ಕೆ ಬರುತ್ತಿತ್ತು, ಹೆಣೆದವರು ಅಂಗಳದ ಹೊರಗೆ ನಿಲ್ಲುತ್ತಿದ್ದರು. ಕುಕ್ಕೆಯ ರಥವೂ ಈ ಸಿಕ್ಕಿನಿಂದ ಹೊರತಲ್ಲ. ಉಂಡೆದ್ದ ಎಲೆಗಳ ಮೇಲೆ ಉರುಳುವ ಮಡೆಸ್ನಾನದ ಜಗಳ ಅಲ್ಲಿ ಎದ್ದಾಗ ರಥ ಕಟ್ಟುವ ಮಲೆಕುಡಿಯರ ಹೆಸರನ್ನು ಎರಡೂ ಕಡೆಯವರು ಎಳೆದಾಡಿದರು. 2014ರಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಡುವವರೆಗೆ ವರ್ಷ ವರ್ಷವೂ ಅದೇ ಗಲಾಟೆ. ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಆದಾಯದಲ್ಲಿ ಮೊದಲ ಸ್ಥಾನದ ಕ್ಷೇತ್ರ ಅದು. 2023-24ರಲ್ಲಿ 146 ಕೋಟಿ ರೂಪಾಯಿ. ಅದರ ತೇರು ನಿಂತಿರುವುದು ಮಲೆಕುಡಿಯರ ಗಂಟಿನ ಮೇಲೆ.

ಹಾಗಾಗಿ ಆ ಯುವಕರ ಮಾತಿನ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ಬುಟ್ಟಿ ಹೆಣೆಯಬೇಕೆಂದು ಯಾವ ಮಗುವಿಗೂ ಹೇಳುವ ಹಕ್ಕು ಯಾರಿಗೂ ಇಲ್ಲ. ಕೊರಗರ ಸಂಘಟನೆಗಳು ಪ್ರತಿ ಆಗಸ್ಟಿನಲ್ಲಿ ಆಚರಿಸುವುದು ಭೂಮಿ ಹಬ್ಬ. ಅವರ ಮೊದಲ ಬೇಡಿಕೆ ಭೂಮಿ, ಪ್ರದರ್ಶನವಲ್ಲ. ಜಮೀನಿನ ಹಕ್ಕುಪತ್ರ ಕೊಡದೆ ಸನ್ಮಾನದ ಶಾಲು ಹೊದೆಸುವ ಸಾಂಸ್ಕೃತಿಕ ಪ್ರೇಮಿಗಳನ್ನು ಅವರು ನಂಬದಿರುವುದು ವಿವೇಕ.

ಕಾಲು ಪಾಲು ಒಪ್ಪದಿರಲು ಕಾರಣವಿದೆ. ಬುಟ್ಟಿ ಬಿಟ್ಟರೆ ಜಾತಿ ಬಿಡುತ್ತದೆ ಎಂಬ ಲೆಕ್ಕ ಹಿಂದೆಯೂ ತಾಳೆಯಾಗಿಲ್ಲ. ಕಾಡು ಬಿಟ್ಟು ಪೇಟೆಗೆ ಬಂದ ಎಷ್ಟೋ ಕೊರಗ ಕುಟುಂಬಗಳ ಕೈಗೆ ಪುರಸಭೆ ಕೊಟ್ಟದ್ದು ಪೊರಕೆಯನ್ನು. ಬುಟ್ಟಿ ಹೋಯಿತು, ಅವಮಾನ ಉಳಿಯಿತು. ಮೇಲಾಗಿ ಅವರು ಬಿಟ್ಟ ವಿದ್ಯೆ ಖಾಲಿ ಬಿದ್ದಿರುವುದಿಲ್ಲ, ಬೇರೆ ಯಾರೋ ಎತ್ತಿಕೊಳ್ಳುತ್ತಾರೆ. ಡಿಸೈನ್ ಓದಿದವರು ನಾಲ್ಕು ದಿನ ಕೂತು ಹೆಣಿಗೆ ಕಲಿತು, ದೀಪದ ಬುರುಡೆಗೆ ಮುಸುಕು ಮಾಡಿ, ಮೂಲ ಬುಟ್ಟಿಯ ಬೆಲೆಗೆ ಎರಡು ಸೊನ್ನೆ ಸೇರಿಸಿ ಮಾರುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಸ್ಥಳೀಯ ಕುಶಲಕರ್ಮಿಗಳ ಸಹಯೋಗ' ಎಂದಿರುತ್ತದೆ. ಸಹಯೋಗಿಗೆ ಹೆಸರಿಲ್ಲ, ಡಿಸೈನರಿಗೆ ಇದೆ. ಜಾತಿಪದ್ಧತಿ ಹೊಸ ಬಟ್ಟೆ ಉಟ್ಟು ಬರುವುದು ಹೀಗೆಯೇ. ಅದನ್ನು ತಡೆಯಬಲ್ಲವರು ವಿದ್ಯೆ ಉಳ್ಳವರು, ಆ ವಿದ್ಯೆ ತಮ್ಮದೆಂದು ಕಾಗದದ ಮೇಲೆ ಸ್ಥಾಪಿಸಬಲ್ಲವರು. ಓದಿದ ಆ ಯುವಕರಿಗಿಂತ ಈ ಕೆಲಸಕ್ಕೆ ಯೋಗ್ಯರು ಇನ್ಯಾರಿದ್ದಾರೆ? ಹೆಣೆಯುವುದು ಬೇಡವೆಂದರೆ ಬೇಡ. ಕರಾರು ಬರೆಯಲಿ, ಬೆಲೆ ನಿಗದಿ ಮಾಡಲಿ, ಒಲ್ಲೆ ಎನ್ನಲಿ.

ಒಲ್ಲೆ ಎನ್ನಲಾಗದ ಕಲಾವಿದನ ಗತಿ ಏನಾಗುತ್ತದೆ ಎಂಬುದಕ್ಕೆ ದೇಶದ ಮುಂದೆ ಒಂದು ಉದಾಹರಣೆ ಇದೆ. ಮಧ್ಯಪ್ರದೇಶದ ಪ್ರಧಾನ ಗೊಂಡ ಸಮುದಾಯದ ಜನಗಢ ಸಿಂಗ್ ಶ್ಯಾಮ್ ಗೋಡೆಯ ಚಿತ್ರವನ್ನು ಕಾಗದಕ್ಕೆ ತಂದು, ಭೋಪಾಲದ ಭಾರತ ಭವನದಿಂದ 1989ರಲ್ಲಿ ಪ್ಯಾರಿಸ್ಸಿನ ತನಕ ಹೋದವನು. 2001ರಲ್ಲಿ ಜಪಾನಿನ ಒಂದು ಮ್ಯೂಸಿಯಮ್ಮಿಗಾಗಿ ಕೆಲಸ ಮಾಡುತ್ತಿದ್ದಾಗ, ಊರಿಗೆ ಮರಳುವ ಹಂಬಲದಲ್ಲೇ ಅಲ್ಲಿ ಪ್ರಾಣ ಕಳೆದುಕೊಂಡ. ಗ್ಯಾಲರಿಯ ಹೆಸರು ಕೇಳಿದೊಡನೆ ಕುಣಿದಾಡುವ ನನ್ನ ಪಕ್ಷದವರು ಇದನ್ನು ಮರೆಯಬಾರದು.

ಸ್ವಲ್ಪ ಸಮಾಧಾನ ತರುವ ಕಥೆ ನಮ್ಮದೇ ರಾಜ್ಯದ್ದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ಚಿಂದಿಯನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತಾ ಕವಂದಿ ಮಾಡುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ 'ಹೂವು' ಇಡದಿದ್ದರೆ ಕವಂದಿ ಬತ್ತಲೆ ಎಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2011ರಲ್ಲಿ ಅವನ್ನು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿಸಿದರು. ಕವಂದಿ ನ್ಯೂಯಾರ್ಕಿಗೆ ಹೋಯಿತೆಂದು ಸಿದ್ದಿ ಮಕ್ಕಳು ಶಾಲೆ ಬಿಡಬೇಕಾಗಲಿಲ್ಲ. ಮಳೆಗಾಲದ ಹೊದಿಕೆಯಾಗಿ ಅದು ಮನೆಯಲ್ಲೂ ಉಳಿಯಿತು, ಚಿತ್ರದಂತೆ ಗೋಡೆಗೂ ಹತ್ತಿತು.

ಬೆಲೆಯ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಪ್ಲಾಸ್ಟಿಕ್ ಬುಟ್ಟಿ ಅಗ್ಗ, ಬೂರಿನ ಬುಟ್ಟಿ ಯಾರಿಗೆ ಬೇಕು ಎನ್ನುತ್ತಾರೆ. ಗೊಬ್ಬರ ಹೊರಲು ಪ್ಲಾಸ್ಟಿಕ್ಕೇ ಇರಲಿ, ನನ್ನದೂ ಅದೇ. ಗೊಬ್ಬರದ ಬುಟ್ಟಿಯ ದರಕ್ಕೆ ಕಟ್ಟುಬಿದ್ದಿರುವ ತನಕ ಈ ವಿದ್ಯೆಗೆ ಬಾಳಿಲ್ಲವೆಂಬ ಕಾರಣಕ್ಕೇ ಅದನ್ನು ಬೇರೆ ಮಾರುಕಟ್ಟೆಗೆ ಒಯ್ಯಬೇಕು ಎನ್ನುತ್ತಿರುವುದು.

ಕಾಡಿನ ಆಕ್ಷೇಪ ಅಷ್ಟು ಹಗುರವಲ್ಲ. ಬೇಡಿಕೆ ಹೆಚ್ಚಿದರೆ ಬೆತ್ತ, ಬೂರು ಬರಿದಾಗುತ್ತದೆ ಎಂದು ಪರಿಸರದ ಗೆಳೆಯರು ಹೆದರುತ್ತಾರೆ. ಪೀಠೋಪಕರಣದ ಗುತ್ತಿಗೆದಾರರು ಲಾರಿಗಟ್ಟಲೆ ಬೆತ್ತ ಕಡಿಸಿದ ಕಾಲವನ್ನು ನೋಡಿದವರಿಗೆ ಆ ಭಯ ಸಹಜ. ಆದರೆ ಹಿಂಡಾಗಿ ಬೆಳೆಯುವ ಬೆತ್ತದ ಬಲಿತ ಕೋಲನ್ನು ಕಡಿದು ಎಳೆಯದನ್ನು ಬಿಟ್ಟರೆ ಬುಡ ಮತ್ತೆ ಚಿಗುರುತ್ತದೆ. ಇದು ಮಲೆಕುಡಿಯನಿಗೆ ಗೊತ್ತು, ಗುತ್ತಿಗೆದಾರನಿಗೂ ಗೊತ್ತಿತ್ತು. ಮುಂದಿನ ವರ್ಷವೂ ಅದೇ ಕಾಡಿಗೆ ಬರಬೇಕಾದವನು ಮಲೆಕುಡಿಯ ಮಾತ್ರ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಬಿದಿರು, ಬೆತ್ತ ಎರಡನ್ನೂ ಹೆಸರಿಸಿದೆ. ಅವನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. ಕಾಯ್ದೆಯ ಮಾತು ಇಷ್ಟು ಸ್ಪಷ್ಟವಾಗಿದ್ದರೂ ತಲೆಯ ಮೇಲೆ ಒಂದು ಹೊರೆ ಬೂರು ಹೊತ್ತು ಕಾಡಿನಂಚಿನಿಂದ ಹೊರಬರುವ ಹೆಂಗಸು ಗೇಟಿನ ಬಳಿ ಅಳುಕುತ್ತಲೇ ನಡೆಯುತ್ತಾಳೆ. ಮೇನ್ ರಾಜ್ಯದ ಬುಟ್ಟಿಗಾರರ ಆ್ಯಶ್ ಮರವನ್ನು ಹೊರಗಿನಿಂದ ಬಂದ ಕೀಟವೊಂದು ತಿಂದು ಮುಗಿಸುತ್ತಿದೆ, ಹುಳುವಿನ ಮುಂದೆ ಅವರು ಅಸಹಾಯಕರು. ನಮಗೆ ಅಂಥ ಕೀಟ ಬಂದಿಲ್ಲ. ಗ್ರಾಮಸಭೆಯ ಒಂದು ಠರಾವು, ಅರಣ್ಯ ಇಲಾಖೆಯ ಒಂದು ಮೊಹರು, ಇಷ್ಟರಲ್ಲಿ ಮುಗಿಯಬೇಕಾದ ಕೆಲಸ ಮುಗಿಯದೆ ನಿಂತಿದೆ.

ಕೊನೆಯದಾಗಿ, ಇದನ್ನೆಲ್ಲ ಹೇಳಲು ನೀನು ಯಾರು ಎಂಬ ಪ್ರಶ್ನೆ. ನಾನು ಹೆಣೆಯುವವರ ಪ್ರತಿನಿಧಿಯಲ್ಲ, ಆಗಲು ಹೊರಟೂ ಇಲ್ಲ. ಕೊಳ್ಳುವವರ ಕಡೆಯವನು, ಅಡಿಕೆ ತೋಟದವನು. ನಮ್ಮ ಅಡಿಕೆ, ಸೊಪ್ಪು, ಗೊಬ್ಬರ ಹೊತ್ತದ್ದು ಅವರ ಬುಟ್ಟಿ. ಅದಕ್ಕೆ ನಾವು ಅಳೆದು ಕೊಟ್ಟದ್ದು ಅಕ್ಕಿ, ಅದೂ ಚೌಕಾಸಿ ಮಾಡಿ. ಆದ್ದರಿಂದ ನನ್ನ ಮಾತು ನಮ್ಮವರಿಗೇ. ನಮ್ಮ ಮೂರು ತಾಲ್ಲೂಕುಗಳಲ್ಲಿ ಸಹಕಾರ ಸಂಘಗಳಿಗೆ ಬರವಿಲ್ಲ, ಕಾಲೇಜುಗಳಿಗೆ ಬರವಿಲ್ಲ, ಬ್ರಹ್ಮಕಲಶಗಳಿಗಂತೂ ಇಲ್ಲವೇ ಇಲ್ಲ. ಪ್ರತಿ ಸಭೆಯಲ್ಲೂ ಅತಿಥಿಗಳಿಗೆ ಜರಿಯ ಶಾಲು, ಗಾಜಿನ ಪೆಟ್ಟಿಗೆಯಲ್ಲಿಟ್ಟ ಪ್ಲಾಸ್ಟಿಕ್ ಸ್ಮರಣಿಕೆ. ಮನೆಗೆ ಹೋದ ಮೇಲೆ ಅತಿಥಿ ಅದನ್ನು ಎಲ್ಲಿಡುವುದೆಂದು ತಿಳಿಯದೆ ಕಪಾಟಿನ ಮೇಲೆ ತುರುಕುತ್ತಾನೆ. ಒಂದೇ ಒಂದು ವರ್ಷ ಆ ದುಡ್ಡನ್ನು ಒಟ್ಟು ಮಾಡಿ, ಹೆಣೆಯಲು ಮನಸ್ಸಿರುವವರನ್ನು ಕೇಳಿ, ಏನು ಹೆಣೆಯಬೇಕೆಂಬುದನ್ನು ಅವರಿಗೇ ಬಿಟ್ಟು, ಅವರು ಹೇಳಿದ ಬೆಲೆಗೆ ಕೃತಿಯನ್ನು ಕೊಳ್ಳಿ. ರಶೀದಿ ಮಾಡಿ. ಸಂಘದ ಹಾಲಿನ ಗೋಡೆಯಲ್ಲಿ ಮಾಜಿ ಅಧ್ಯಕ್ಷರ ಫೋಟೊಗಳ ಸಾಲಿನ ಪಕ್ಕ ತೂಗುಹಾಕಿ, ಕೆಳಗೆ ಹೆಣೆದವರ ಪೂರ್ತಿ ಹೆಸರು ಬರೆಸಿ. ಅದಾದ ಮೇಲೂ ಅದು ಕಲೆಯಲ್ಲ ಎನಿಸಿದರೆ ಜಗಳಕ್ಕೆ ಬನ್ನಿ, ಅದರ ಕೆಳಗೇ ನಿಂತು ಮಾತಾಡೋಣ.